ಡಾಕ್ಟರ್ ಗಾರ್ಬೆಟ್ ಅವರ ಕಾರಿನ ಹಿಂಬದಿ ಸೀಟು

ಹೆರಿಫರ್ಡ್
ಭಾನುವಾರ, 13 ಅಕ್ಟೋಬರ್ 1991

ಪ್ರೀತಿಯ ಅಪ್ಪ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೆ. ಆಮೇಲೆ ಹೊಸ ಹಾಳೆ ತೆಗೆದುಕೊಂಡು ಮತ್ತೆ ಅದನ್ನೇ ಬರೆದಿದ್ದೇನೆ. ಅದು ಸುಳ್ಳಲ್ಲ, ಆದ್ದರಿಂದ ಇರಲಿ. ಮುಂದಿನದರಲ್ಲಿ ನಿನಗೆ ಹಿತವಾಗುವ ಮಾತು ಕಡಿಮೆ.

ನೀನು ಕಳಿಸಿದ ಪಾಸ್ ಹಿಡಿದು ನಿನ್ನೆ ಮೋಟಾರು ಮ್ಯೂಸಿಯಮ್ಮಿಗೆ ಹೋಗಿದ್ದೆ. ನಮ್ಮ ಕಾರು ನೋಡಿ ಬಂದು, ಅವರು ಅಚ್ಚು ಹಾಕಿಸುವ ಪುಸ್ತಕಕ್ಕೆ ನಾಲ್ಕು ಸಾಲು ಬರೆದುಕೊಡು ಎಂದು ನೀನು ಹೇಳಿದ್ದೆ. ಹದಿಮೂರು ವರ್ಷದ ಹುಡುಗಿ ಅಪ್ಪನ ಜೊತೆ ಸೇರಿ 1904ರ ಕಾರಿಗೆ ಮರಳಿ ಜೀವ ಕೊಟ್ಟ ಕಥೆ. ಆ ನಾಲ್ಕು ಸಾಲು ನಾನು ಬರೆಯುವುದಿಲ್ಲ. ಯಾಕೆಂದು ಹೇಳಲು ಈ ಕಾಗದ.

ಒಳಗೆ ಕಾಲಿಟ್ಟಾಗಲೇ ಮನಸ್ಸು ಕೆಟ್ಟಿತು. ಅಷ್ಟು ಕಾರುಗಳಿದ್ದೂ ಪೆಟ್ರೋಲಿನ ವಾಸನೆಯಿಲ್ಲ. ಬರೀ ಪಾಲಿಶಿನ ಸಿಹಿ ನಾತ. ಪ್ರತಿ ಕಾರಿನ ಅಡಿಗೂ ಎಣ್ಣೆ ಸೋರಿದರೆ ಹಿಡಿಯಲು ತಟ್ಟೆ ಇಟ್ಟಿದ್ದಾರೆ, ಒಂದರಲ್ಲೂ ಒಂದು ತೊಟ್ಟು ಇಲ್ಲ. ಒಂದು ಸ್ಟಿಯರಿಂಗಿನ ಹಿಂದೆ ಮೇಣದ ಗೊಂಬೆಯನ್ನು ಕೂರಿಸಿದ್ದಾರೆ, ಅದರ ಮೀಸೆಗೆ ನುಸಿ ಹಿಡಿದಿದೆ. ನನ್ನ ಮುಂದೆ ಒಬ್ಬ ಗಂಡ ತನ್ನ ಹೆಂಡತಿಗೆ ಪಾಠ ಹೇಳುತ್ತಿದ್ದ, ಮೊದಲ ಮಹಾಯುದ್ಧಕ್ಕಿಂತ ಮುಂಚಿನದು ವೆಟರನ್, ಆಮೇಲಿನದು ವಿಂಟೇಜ್ ಎಂದು.

"ಹಾಗಾದ್ರೆ ನೀವು ಯಾವುದ್ರಲ್ಲಿ ಬರ್ತೀರಿ?" ಎಂದಳು ಆಕೆ.

"ನಾನಾ? ನಾನಿನ್ನೂ ಓಡ್ತೀನಿ ಕಣೇ."

"ಹೌದೌದು, ಹಿಂದಿನಿಂದ ತಳ್ಳಿದ್ರೆ."

ನಿನ್ನೆ ನಾನು ನಕ್ಕದ್ದು ಅದೊಂದೇ ಸಲ.

ನಮ್ಮ ಕಾರು ಕೊನೆಯ ಕೋಣೆಯಲ್ಲಿ, ಕೆಂಪು ಹಗ್ಗದ ಆಚೆ ಇತ್ತು. ಫಲಕ ಓದಿದೆ. 'ಪೆಂಡ್ರಿಲ್, 1904. ಡಾಕ್ಟರ್ ಗಾರ್ಬೆಟ್ ಅವರ ಕಾರು. ಹಳೆಯ ಕೊಟ್ಟಿಗೆಯೊಂದರಲ್ಲಿ ಒಣಹುಲ್ಲಿನಡಿ ಇಡಿಯಾಗಿ ದೊರೆತದ್ದು. ದುರಸ್ತಿ: ಲೆನ್ ಟ್ರಾಂಟರ್.' ಇಡಿಯಾಗಿ! ಅಪ್ಪ, ನಿನಗೆ ಸಿಕ್ಕಿದ್ದು ಹಳ್ಳದಲ್ಲಿ ಬಿದ್ದಿದ್ದ ಮುಂದಿನ ಚಕ್ರಗಳ ಅಚ್ಚು, ಅದಕ್ಕೆ ಅಂಟಿಕೊಂಡಿದ್ದ ನಂಬರಿನ ಹಿತ್ತಾಳೆ ತಗಡು. ಡಾಕ್ಟರದು ಅವೆರಡೇ. ಚೌಕಟ್ಟು 1911ರ ಬ್ರೆಡ್ಡಿನ ವ್ಯಾನಿನದು. ದೀಪಗಳು ಬರ್ಮಿಂಗ್‌ಹ್ಯಾಮಿನಿಂದ ಹೊಚ್ಚ ಹೊಸದಾಗಿ ಬಂದವು. ಅವು ಹಳೆಯದಾಗಿ ಕಾಣಲೆಂದು ಮೂರು ವಾರ ಕೋಳಿ ಹಿಕ್ಕೆಯಲ್ಲಿ ಹೂತಿಟ್ಟವಳು ನಾನು. ಮರಕ್ಕೆ ಟೀ ಸೊಪ್ಪಿನ ಕಷಾಯ ಬಳಿದವಳೂ ನಾನೇ. ಇದು ಮೋಸ ಅಲ್ಲವಾ ಎಂದು ಒಮ್ಮೆ ಕೇಳಿದ್ದೆ. "ಮೋಸ ಎಂಥದು ಹೆಸ್? ಕಾಲ ನಿಧಾನಕ್ಕೆ ಮಾಡೋ ಕೆಲಸಾನ ನಾವು ಬೇಗ ಮಾಡ್ತಿದೀವಿ, ಅಷ್ಟೇ" ಎಂದಿದ್ದೆ ನೀನು. ನಾನು ನಂಬಿದ್ದೆ.

ಅಷ್ಟು ನೋಡಿ ಹೊರಟಿದ್ದರೆ ಬರೀ ಮುಜುಗರದಲ್ಲಿ ಮುಗಿಯುತ್ತಿತ್ತೇನೋ. ಆದರೆ ಬಾಗಿಲಲ್ಲಿ ಪಾಸ್ ತೋರಿಸಿದಾಗ ನನ್ನ ಹೆಸರು ನೋಡಿಕೊಂಡಿದ್ದ ಕಾವಲಿನ ಪ್ರಾಸರ್, ಅರವತ್ತು ದಾಟಿದ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದ.

"ಎನಿಡ್, ಇವತ್ತು ನಿಮ್ಮ ಅದೃಷ್ಟ ನೋಡಿ. ಲೆನ್ ಟ್ರಾಂಟರ್ ಮಗಳೇ ಬಂದಿದಾಳೆ!"

ಮಿಸೆಸ್ ಎನಿಡ್ ರೌಲಿ. ಡಾಕ್ಟರ್ ಗಾರ್ಬೆಟ್ ಅವರ ಮಗಳ ಮಗಳು. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ತಿಂಗಳಿಗೊಮ್ಮೆ ಎರಡು ಬಸ್ಸು ಬದಲಿಸಿ ಬರುತ್ತಾರಂತೆ. ಪ್ರಾಸರ್ ಅವರಿಗಾಗಿ ಹಗ್ಗ ಬಿಚ್ಚಿದ, ಅವರು ಹಿಂಬದಿಯ ಪುಟ್ಟ ಬಾಗಿಲು ತೆರೆದು ಸೀಟಿನ ಮೇಲೆ ಅಂಗೈ ಇಟ್ಟರು.

"ನಮ್ಮಮ್ಮ ಹುಟ್ಟಿದ್ದು ಇಲ್ಲಿ, ಮರಿ. 1905ರ ಜನವರಿ. ಅಜ್ಜಿಗೆ ನೋವು ಶುರುವಾಗಿತ್ತು, ಹಿಮದಲ್ಲಿ ಕಾರು ಸಿಕ್ಕಿಹಾಕ್ಕೊಂಡ್ಬಿಡ್ತು. ತಾತ ಕೋಟು ಬಿಚ್ಚಿ ಇಲ್ಲೇ ಹಾಸಿ ಹೆರಿಗೆ ಮಾಡಿಸಿದ್ರು. ಈ ಸೀಟಿನ ಮೇಲೆ."

ಹೀಗೆಂದು ಬಗ್ಗಿ ಕೆನ್ನೆಯನ್ನು ಆ ಚರ್ಮಕ್ಕೆ ಒತ್ತಿದರು. ನನ್ನನ್ನೂ ಹತ್ತಿರ ಕರೆದರು. "ಮೂಸಿ ನೋಡು. ಅಮ್ಮನ ಕಪಾಟು ತೆರೆದ್ರೆ ಇದೇ ವಾಸನೆ ಬರ್ತಿತ್ತು." ಆಮೇಲೆ ಮೂಲೆಯಲ್ಲಿದ್ದ ಕಪ್ಪು ಕಲೆಯನ್ನು ಬೆರಳಿನಿಂದ ಸವರಿ, ದನಿ ತಗ್ಗಿಸಿ, "ಇದು ಆ ದಿನದ್ದೇ" ಎಂದರು.

ಸೇತುವೆ ಪಕ್ಕದ ಪಬ್ಬು ಮುಚ್ಚಿದಾಗ ಬೀದಿಗೆ ಎಸೆದಿದ್ದ ಬೆಂಚಿನ ಚರ್ಮ ಅದು. ಅದರ ಅಡಿಯಲ್ಲಿ ಮೆತ್ತಿದ್ದ ಚೂಯಿಂಗ್ ಗಮ್ಮನ್ನೆಲ್ಲ ನಾನು ಬೆಣ್ಣೆ ಚಾಕುವಿನಲ್ಲಿ ಕೆರೆದು ತೆಗೆದಿದ್ದೆ. ಆ ಕಲೆ ಯಾವನೋ ಕುಡುಕ ಕಕ್ಕಿದ್ದು. ಎಷ್ಟು ಉಜ್ಜಿದರೂ ಹೋಗಲಿಲ್ಲ. "ಬಿಡು ಹೆಸ್, ಕಲೆ ಇದ್ರೆ ಜನ ಇನ್ನೂ ನಂಬ್ತಾರೆ" ಎಂದು ನೀನು ನಕ್ಕಿದ್ದೆ. ಜನ ನಂಬಿದ್ದಾರೆ ಅಪ್ಪ. ಒಬ್ಬ ಮಗಳು ಅದಕ್ಕೆ ಕೆನ್ನೆ ಒತ್ತುವಷ್ಟು ನಂಬಿದ್ದಾಳೆ.

ಮುಂದಿನ ತಿಂಗಳ ಓಟಕ್ಕೆ, 1905ಕ್ಕಿಂತ ಮುಂಚಿನ ಕಾರುಗಳು ಮಾತ್ರ ಸಮುದ್ರದವರೆಗೆ ಹೋಗುವ ಓಟಕ್ಕೆ, ಅವರು ಅದೇ ಸೀಟಿನಲ್ಲಿ ಕೂತು ಬರುತ್ತಾರಂತೆ. ಬೂದು ಬಣ್ಣದ ಹೊಸ ಕೋಟು ಹೊಲಿಸಿದ್ದಾರೆ. ಕಟ್ಟಿಕೊಳ್ಳಲು ಅಮ್ಮನ ರೇಷ್ಮೆ ಸ್ಕಾರ್ಫ್ ತೆಗೆದಿಟ್ಟಿದ್ದಾರೆ.

"ದಾರೀಲಿ ನೀವೂ ಹೆರಿಗೆಗಿರಿಗೆ ಮಾಡ್ಕೊಂಡ್ಬಿಟ್ಟೀರಿ!" ಎಂದ ಪ್ರಾಸರ್.

"ಆದ್ರೆ ನಿನ್ನ ಹೆಸರೇ ಇಡ್ತೀನಿ ಬಿಡು. ಪಾಪ ಮಗು."

ಇಬ್ಬರೂ ನಗುತ್ತಿದ್ದರು. ಆಮೇಲೆ ಅವರು ನನ್ನ ಕಡೆ ತಿರುಗಿ ಕೇಳಿದರು: "ಮೊದಲ ದಿನ ನೀನೂ ಅಲ್ಲೇ ಇದ್ದೆಯಲ್ಲ? ಹುಲ್ಲು ಸರಿಸಿದಾಗ ಈ ಕಲೆ ಇತ್ತಾ?" ನಾನು ಏನೂ ಹೇಳಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಟು ಬಂದೆ.

'ಯಾರಿಗೇನು ನಷ್ಟ' ಎಂದು ನೀನು ಯಾವಾಗಲೂ ಕೇಳುತ್ತೀಯ. ಹಳೆಯ ಕಾರಿನ ಹುಚ್ಚಿರುವವರಿಗೆ ಒಂದು ಕಾರು ಹೆಚ್ಚಾಯಿತು, ಅಷ್ಟೇ ತಾನೇ? ಆದರೆ ಈ ಹೆಂಗಸಿಗೆ ಕಾರಿನ ಹುಚ್ಚೇನೂ ಇಲ್ಲ. ಯಾವುದು ವೆಟರನ್, ಯಾವುದು ವಿಂಟೇಜ್ ಎಂಬುದು ಅವರಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಅವರಿಗೆ ಬೇಕಾಗಿದ್ದದ್ದು ಅಮ್ಮ. ನೀನು ಅವರ ಕೈಗೆ ಪಬ್ಬಿನ ಬೆಂಚು ಕೊಟ್ಟಿದ್ದೀಯ.

ನಾನು ಶಾಲೆ ಬಿಟ್ಟ ದಿನ ನೆನಪಿದೆಯಾ? ಮೇಷ್ಟ್ರು ಇಡೀ ತರಗತಿಗೆ ಪರೀಕ್ಷೆಯ ಪ್ರಬಂಧವನ್ನು ತಾವೇ ಹೇಳಿ ಬರೆಸಿದರು, ಅದರ ಕೆಳಗೆ ನನ್ನ ಹೆಸರು ಹಾಕುವುದಿಲ್ಲ ಎಂದು ನಾನು ಎದ್ದು ಬಂದೆ. ಊರೆಲ್ಲ ನನ್ನನ್ನು ಹುಚ್ಚಿ ಎಂದಿತು. ನೀನೊಬ್ಬನೇ ಗ್ಯಾರೇಜಿಗೆ ಬಂದವರಿಗೆಲ್ಲ, "ನನ್ನ ಮಗಳು ತನ್ನದಲ್ಲದ್ದಕ್ಕೆ ಸಹಿ ಹಾಕೋಳಲ್ಲ" ಎಂದು ಹೇಳಿಕೊಂಡು ಓಡಾಡಿದೆ. ಎರಡು ವರ್ಷದಲ್ಲಿ ನಾಲ್ಕು ಕೆಲಸ ಬಿಟ್ಟಿದ್ದೇನೆ, ಈಗ ಡಿಪೋದಲ್ಲಿ ಬಸ್ಸು ತೊಳೆಯುತ್ತೇನೆ. ಬೇಸರವಾದಾಗಲೆಲ್ಲ ನಿನ್ನ ಆ ಮಾತು ನೆನೆಯುತ್ತಿದ್ದೆ. ನಿನ್ನೆ ಬಸ್ಸಿನಲ್ಲಿ ಕೂತಾಗ ಆ ಮಾತೂ ಹೇಸಿಗೆ ಅನಿಸಿತು.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಇದೆ. ನಾವು ಆ ಕಾರು ಕಟ್ಟಿದ್ದು ಅಮ್ಮ ಮನೆ ಬಿಟ್ಟು ಹೋದ ವರ್ಷದ ಚಳಿಗಾಲದಲ್ಲಿ. ನಾವಿಬ್ಬರೂ ಬೀನ್ಸ್ ಡಬ್ಬಿಯನ್ನು ಗ್ಯಾರೇಜಿನ ಒಲೆಯ ಮೇಲೆ ಇಟ್ಟು ಬಿಸಿ ಮಾಡಿ, ಒಂದೇ ಚಮಚದಲ್ಲಿ ತಿನ್ನುತ್ತಿದ್ದೆವು. ಸೀಟಿನ ಚರ್ಮಕ್ಕೆ ನಾನು ಹಾಕಿದ ಹೊಲಿಗೆಯನ್ನು ನೀನು ಕನ್ನಡಕ ಏರಿಸಿ ನೋಡಿ, "ಇದು ಯಂತ್ರದ್ದಲ್ಲ ಅಂತ ಆಣೆ ಮಾಡಿ ಹೇಳ್ಬಹುದು" ಎನ್ನುತ್ತಿದ್ದೆ. ಅಷ್ಟು ಸಂತೋಷವಾಗಿ ನಾನು ಮತ್ತೆಂದೂ ಇರಲಿಲ್ಲ. ಆ ಸಂತೋಷದಿಂದ ಹುಟ್ಟಿದ್ದು ಇದು ಎಂದು ನೆನೆದರೆ ಅದನ್ನೂ ಉಗಿಯಬೇಕು ಅನಿಸುತ್ತದೆ, ಉಗಿಯಲು ಆಗುವುದಿಲ್ಲ.

ಮ್ಯೂಸಿಯಮ್ಮಿನವರಿಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಆದರೆ ಮಿಸೆಸ್ ರೌಲಿಗೆ ನೀನೇ ಹೇಳಬೇಕು, ಅವರು ಆ ಕೋಟು ತೊಡುವ ಮುಂಚೆ. ಅಚ್ಚು ಮತ್ತು ತಗಡು ನಿಜವಾಗಿಯೂ ಅವರ ತಾತನವು ಎಂಬುದನ್ನೂ ಹೇಳು. ಅಷ್ಟಾದರೂ ಅವರ ಪಾಲಿಗೆ ಉಳಿಯಲಿ.

ನಿನ್ನ ಮಗಳು,
ಹೆಸ್ಟರ್

ತಾ.ಕ. ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸಿದ್ದನ್ನು ಹರಿದು ತೆರೆದಿದ್ದೇನೆ. ಮಿಸೆಸ್ ರೌಲಿ ಕೇಳಿದಾಗ ಏನೂ ಹೇಳಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. "ಇತ್ತು" ಎಂದೆ. "ಹುಲ್ಲು ಸರಿಸಿದ ಕೂಡಲೇ ಕಂಡಿದ್ದೇ ಅದು" ಎಂದೂ ಸೇರಿಸಿದೆ. ಅವರು ನನ್ನ ಕೈಗೆ ಮುತ್ತು ಕೊಟ್ಟರು. ಅದಕ್ಕೇ ನಿನ್ನನ್ನು ನಂಬಿ ಕಾಯಲು ನನ್ನಿಂದಾಗದು. ನಡೆದದ್ದನ್ನೆಲ್ಲ ಬರೆದು ಅವರಿಗೂ ಒಂದು ಕಾಗದ ಹಾಕುತ್ತಿದ್ದೇನೆ. ಎರಡೂ ನಾಳೆ ತಲುಪುತ್ತವೆ. ನಿನ್ನ ಬೀದಿಗೆ ಅಂಚೆಯವನು ಏಳೂವರೆಗೆ ಬರುತ್ತಾನೆ. ಅವರ ಹಳ್ಳಿಗೆ ಹನ್ನೊಂದರ ಮುಂಚೆ ಬರುವುದಿಲ್ಲ, ಪ್ರಾಸರನಿಗೆ ಫೋನ್ ಮಾಡಿ ವಿಚಾರಿಸಿಕೊಂಡೆ. ಅವರ ವಿಳಾಸವನ್ನು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ನಿನ್ನ ವ್ಯಾನಿನಲ್ಲಿ ಮುಕ್ಕಾಲು ಗಂಟೆಯ ದಾರಿ.