ಫ್ಲೆಕ್ಸಿನಲ್ಲಿ ಪಾಸಾದವನು

ಜನವರಿ 12, ಸೋಮವಾರ

ಅಂಗಡಿ ತೆರೆದದ್ದೇ ಜೆರಾಕ್ಸ್ ಮೆಷಿನ್ ಮುನಿಸಿಕೊಂಡಿತು. ಪೇಪರ್ ಜಾಮ್. ಎಳೆದೆ, ಊದಿದೆ, ಬೆನ್ನಿಗೆ ತಟ್ಟಿದೆ. ಸರಿಯಾಯಿತು. ಹನ್ನೊಂದಕ್ಕೆ ಎಂ.ಎ. ರಿಸಲ್ಟ್ ಬಂತು. ಅಲ್ಲೂ ಒಂದು ಪೇಪರ್ ಜಾಮ್! ನಾಲ್ಕು ಮಾರ್ಕು ಕಡಿಮೆ. ಅದೂ ಭಾಷಾವಿಜ್ಞಾನ. ಇಡೀ ಕೋಟದಲ್ಲಿ ಬಾಯಿಗೆ ರಜೆ ಕೊಡದವನು ಈ ಪ್ರೇಮಾನಂದ ಒಬ್ಬನೇ, ಅಂಥ ನಾನು ಭಾಷೆಯಲ್ಲಿ ಫೇಲು. ಪರವಾಗಿಲ್ಲ. ಮುಂದಿನ ಸಲ ಬರೆದು ಬಿಸಾಡುವ.

ಹೆಂಡತಿ ಚೇತನಾ ಫಸ್ಟ್ ಕ್ಲಾಸ್. ಇಬ್ಬರೂ ಒಟ್ಟಿಗೆ ದೂರಶಿಕ್ಷಣಕ್ಕೆ ಸೇರಿದ್ದು. ಪುಸ್ತಕವೂ ಒಂದೇ ಸೆಟ್. ಬ್ರಹ್ಮಾವರದ ಕಾಲೇಜಿನ ಲೈಬ್ರರಿ ಕೆಲಸ ಮುಗಿಸಿ ಬಂದು ಅವಳು ಓದಿದಳು. ನಾನು ಪುಸ್ತಕಕ್ಕೆ ಬೈಂಡ್ ಹಾಕಿದೆ. ಬೈಂಡು ಮಾತ್ರ ಡಿಸ್ಟಿಂಕ್ಷನ್.

ಸಂಜೆ ಉಪ್ಪುಂದದಿಂದ ಅವಳ ಅಣ್ಣ ಭೋಜರಾಜನ ಫೋನು. "ಭಾವ, ರಿಸಲ್ಟ್ ಬಂತಂಬ್ರಲೆ! ಇಬ್ರದ್ದೂ ಆಯ್ತಲ್ದಾ?" ಎದುರಿಗೆ ಆರು ಜನ ಗಿರಾಕಿ, ಎಲ್ಲರ ಕಿವಿಯೂ ನನ್ನ ಕಡೆಗೆ. "ಹ್ಞಾಂ ಹ್ಞಾಂ" ಅಂದೆ.

ನಾಳೆ ಸರಿ ಮಾಡಿದರಾಯಿತು.

ಫೆಬ್ರವರಿ 20, ಶುಕ್ರವಾರ

ನಾಳೆ ಅಂದದ್ದು ಇನ್ನೂ ಬಂದಿಲ್ಲ. ಭೋಜರಾಜ ಬಂದ. ಘಟಿಕೋತ್ಸವದ ಸುದ್ದಿ ಚೇತನಾ ಫೋನಲ್ಲಿ ಹೇಳಿದ್ದಳಂತೆ.

"ಒಬ್ರಿಗ್ ಎರಡ್ ಗೆಸ್ಟ್ ಪಾಸ್ ಅಂದ್ರೆ ನಾಕ್ ಆಯ್ತಲೆ ಭಾವ. ಅಮ್ಮನೂ ಬತ್ತೆ ಅಂದಿತ್."

ಈಗ ಹೇಳಬೇಕಿತ್ತು. ಬಾಯಿ ತೆರೆದೆ. ಬೇರೆಯೇ ಹೊರಗೆ ಬಂತು: "ನಾನ್ ಹೋಪುದಿಲ್ಲೆ ಅಂದ್ ಬರ್ದ್ ಕೊಟ್ಟಿದೆ. ಅನುಪಸ್ಥಿತಿ. ಸರ್ಟಿಫಿಕೇಟ್ ಪೋಸ್ಟಿಗೆ ಬತ್ತ್. ಇಬ್ರೂ ಸ್ಟೇಜ್ ಹತ್ರೆ ಫೋಟೋ ತೆಗೂದ್ ಯಾರ್?"

ಭೋಜರಾಜ ನನ್ನ ಕೈ ಹಿಡಿದುಕೊಂಡ. "ಹೆಂಡ್ತಿ ಫೋಟೋ ತೆಗೂಕೆ ತನ್ ಡಿಗ್ರಿ ಬಿಟ್ಟವ್ರ್ ನೀವೊಬ್ರೇ ಭಾವ."

ಘಟಿಕೋತ್ಸವ... ನನ್ನ ಮಟ್ಟಿಗೆ ಘಟಿಸದ ಉತ್ಸವ. ತಮಾಷೆಯಾಗಿದೆ. ಯಾರಿಗೆ ಹೇಳುವುದು?

ಫೆಬ್ರವರಿ 27, ಶುಕ್ರವಾರ

ಕೋಟ ಮೂರುಕೈ ಜಂಕ್ಷನ್ನಿನಲ್ಲಿ, ನನ್ನ ಅಂಗಡಿಯ ಎದುರಿಗೇ ಫ್ಲೆಕ್ಸು. ಬಸ್‌ಸ್ಟಾಪಿನ ಮೇಲೆಯೇ. "ಎಂ.ಎ. ಪದವಿ ಪಡೆದ ನಮ್ಮೂರ ಹೆಮ್ಮೆಯ ದಂಪತಿಗಳಿಗೆ ಹಾರ್ದಿಕ ಅಭಿನಂದನೆಗಳು." ನನ್ನ ಫೋಟೋ ಕಪಾಟಿನಷ್ಟು. ಚೇತನಾಳದ್ದು ಆಧಾರ್ ಕಾರ್ಡಿನದ್ದು, ಅದೂ ನನ್ನ ಭುಜದ ಹಿಂದೆ. ಕೆಳಗೆ ಶುಭ ಕೋರುವ ಹನ್ನೆರಡು ಮುಖ, ನಡುವೆ ಕೂಲಿಂಗ್ ಗ್ಲಾಸ್ ಹಾಕಿದ ಭೋಜರಾಜ.

ಬಸ್ಸಿಳಿದವರೆಲ್ಲ ಅಂಗಡಿಗೆ ಬಂದು ಕೈ ಕುಲುಕಿದರು. ನಾನೂ ಕುಲುಕಿದೆ. ಎಂತ ಮಾಡುವುದು, ಕೈ ಇದೆಯಲ್ಲ.

ಚೇತನಾ ಐದೂ ಮುಕ್ಕಾಲಿಗೆ ಇಳಿದಳು. ಫ್ಲೆಕ್ಸನ್ನು ಪೂರ್ತಿ ಓದಿದಳು, ಹನ್ನೆರಡು ಹೆಸರು ಸಮೇತ. ಮನೆಗೆ ಬಂದ ಮೇಲೆ ಕೇಳಿದಳು, "ಅಣ್ಣಯ್ಯಂಗೆ ನೀವ್ ಹೇಳ್ಲೇ ಇಲ್ಲ್ಯಾ?"

"ಹೇಳ್ತೆ."

"ಯಾವಾಗ?"

"ಒಳ್ಳೆ ಗಳಿಗೆ ಕಂಡ್—"

"ಎಂತಕೆ, ಮದಿ ಮುಹೂರ್ತಕ್ಕಾ? ನಾನಂತೂ ಹೇಳೂದಿಲ್ಲೆ. ಸುಳ್ಳ್ ನಿಮ್ದ್, ನೀವೇ ಇಳ್ಸಿ."

ಮಾರ್ಚ್ 3, ಮಂಗಳವಾರ

ನಾಲ್ಕು ದಿನದಿಂದ ಬರೆದಿಲ್ಲ. ಬರೆಯುವಂಥದ್ದು ಇಂದು ತಿಳಿಯಿತು. ಚೇತನಾ ಸಾಲಿಗ್ರಾಮದಲ್ಲೇ ಇಳಿದು ನಡೆದು ಬರುತ್ತಿದ್ದಾಳೆ. ಹೈವೇ ಬದಿಯಲ್ಲಿ, ಈ ಬಿಸಿಲಿಗೆ. ಗಿರಾಕಿಯೊಬ್ಬರು ಕಂಡು ಹೇಳಿದರು: "ನಿಮ್ ಮನೆಯವ್ರ್ ವಾಕಿಂಗ್ ಶುರು ಮಾಡಿರಾ?"

ಮನೆಯಲ್ಲಿ ಕೇಳಿದೆ. ಕಾಲು ತೊಳೆಯುತ್ತ ಹೇಳಿದಳು, "ಆ ಫ್ಲೆಕ್ಸಿನ ಅಡಿಗೆ ನಾನ್ ಹಾಯೂದಿಲ್ಲೆ. ಎರಡ್ ವರ್ಷ ಬೆಳಿಗ್ಗೆ ನಾಕಕ್ಕೆ ಎದ್ದ್ ಓದಿದ್ದ್ ನಾನ್. ನಿಮ್ ಸುಳ್ಳಿನ ಒಟ್ಟಿಗ್ ನೇತ್ ಹಾಕ್ರೆ ನಂದೂ ಸುಳ್ಳೇ ಅಂದ್ ಕಾಂತ್."

ಇದಕ್ಕೊಂದು ತಮಾಷೆ ಹುಡುಕಿದೆ. ಸಿಗಲಿಲ್ಲ. ಇಂಥದ್ದು ಆಗುವುದು ಅಪರೂಪ.

ಮಾರ್ಚ್ 10, ಮಂಗಳವಾರ

ಘಟಿಕೋತ್ಸವಕ್ಕೆ ಮುಂಚಿನ ದಿನ ರಿಹರ್ಸಲ್ ಕಡ್ಡಾಯ. ಹೇಗೆ ನಡೆಯಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಬಾಗಬೇಕು, ಎಲ್ಲ ಕಲಿಸುತ್ತಾರಂತೆ. ಚೇತನಾ ಬೆಳಿಗ್ಗೆಯೇ ಹೊರಟಳು. ರಾತ್ರಿ ಗೆಳತಿ ಶರಣ್ಯಾಳ ಮನೆಯಲ್ಲಿ ಉಳಿಯುತ್ತಾಳೆ.

ಮೇಜಿನ ಮೇಲೆ ಎರಡು ಪಾಸು, ಒಂದು ಚೀಟಿ. "ಒಂದು ನಿಮಗೆ, ಒಂದು ಅಣ್ಣಯ್ಯನಿಗೆ. ಹೇಳಿ ಆದ ಮೇಲೆ ಬನ್ನಿ. ಹೇಳದೆ ಬರಬೇಡಿ."

ಪಾಸಾಗದವನಿಗೂ ಪಾಸು! ನಾಳೆ ಬಸ್ಸಿನಲ್ಲಿ ಹೇಳುತ್ತೇನೆ. ಯೂನಿವರ್ಸಿಟಿಗೆ ಎರಡೂವರೆ ಗಂಟೆ ದಾರಿ ಇದೆ. ಖಂಡಿತ.

ಮಾರ್ಚ್ 11, ಬುಧವಾರ. ಮಧ್ಯಾಹ್ನ 2. ಸಭಾಂಗಣದ ಹೊರಗೆ, ಗೋಳಿಮರದ ಕಟ್ಟೆ

ಬಸ್ಸಿನಲ್ಲಿ ಹೇಳಲಿಲ್ಲ. ಭೋಜರಾಜ ಉಡುಪಿಯವರೆಗೆ ನಿದ್ದೆ, ಆಮೇಲೆ ನನ್ನ ಗುಣಗಾನ. ಯಾವುದರ ನಡುವೆಯೂ ಸಂದಿ ಇರಲಿಲ್ಲ.

ಒಳಗೆ ಅತಿಥಿಗಳು ಹಿಂದೆ, ಪದವೀಧರರು ಮುಂದೆ. ಕಪ್ಪು ಗೌನಿನ ಸಮುದ್ರದಲ್ಲಿ ಚೇತನಾಳನ್ನು ಜಡೆಯಿಂದ ಗುರುತು ಹಿಡಿದೆ. ಹೆಮ್ಮಾಡಿ ಸೇವಂತಿಗೆ ಮುಡಿದಿದ್ದಳು. ಅವಳಿಗೆ ಗೌನು, ನನಗೆ ಮೌನ.

ಬ್ಯಾಂಡು. ಎಲ್ಲರೂ ಎದ್ದರು. ಮೆರವಣಿಗೆ. ಮುಂದೆ ಒಬ್ಬರು ಬೆಳ್ಳಿಯ ದಂಡ ಹಿಡಿದು, ಹಿಂದೆ ಕೆಂಪು ನಿಲುವಂಗಿಯವರು, ಸೆಕೆಗೆ ಬೆವರುತ್ತ, ಆದರೂ ಒಂದು ಹೆಜ್ಜೆ ತಪ್ಪದೆ. ನಗಬೇಕೆಂದಿದ್ದೆ. ಆಗಲಿಲ್ಲ. ಚಂದ ಇತ್ತು, ಸುಳ್ಳು ಹೇಳಬಾರದು.

ಆಮೇಲೆ ಮೈಕಿನಲ್ಲಿ: "ಕಲಾ ನಿಕಾಯದ ಪದವೀಧರರು ಎದ್ದು ನಿಲ್ಲಬೇಕು. ಅನುಪಸ್ಥಿತಿಯಲ್ಲಿ ಪದವಿ ಪಡೆಯುವವರೂ ಸೇರಿದಂತೆ ಇವರೆಲ್ಲರಿಗೆ..."

ಭೋಜರಾಜನಿಗೆ ಕರೆಂಟು ಹೊಡೆದಂತಾಯಿತು. "ಹ್ವಾಯ್ ಭಾವ! ನಿಮ್ದೇ! ಅನುಪಸ್ಥಿತಿ! ಏಳಿನಿ!"

"ಕೂಕಣಿ ಮರ್ರೆ..."

"ಎಂತಕೆ ನಾಚ್ಕಿ? ಏಳಿನಿ!" ರಟ್ಟೆ ಹಿಡಿದು ಎಬ್ಬಿಸಿದ. ಬಂದರಿನಲ್ಲಿ ಮೀನಿನ ಐಸ್ ಪೆಟ್ಟಿಗೆ ಎತ್ತಿ ಪಳಗಿದ ಕೈ. ನಿಂತೆ. ಅತಿಥಿಗಳ ಇಡೀ ಗ್ಯಾಲರಿಯಲ್ಲಿ ನಾನೊಬ್ಬನೇ, ತೆಂಗಿನ ಮರದ ಹಾಗೆ. ಪ್ರತಿಜ್ಞೆ ಶುರುವಾಯಿತು. ಮುಂದೆ ಎಲ್ಲರೂ ಬಲಗೈ ಚಾಚಿದರು. ಭೋಜರಾಜ ನನ್ನ ಕೈಯನ್ನೂ ಚಾಚಿಸಿದ.

ಗಲಾಟೆಗೆ ಕೆಲವರು ತಿರುಗಿದರು. ಚೇತನಾಳೂ.

ನನ್ನನ್ನು ಕಂಡಳು. ನಿಂತದ್ದು, ಕೈ ಚಾಚಿದ್ದು, ಎಲ್ಲ. ಸುತ್ತ ಎಲ್ಲರೂ ಹೇಳುತ್ತಿದ್ದರು, "ನನ್ನ ನಡೆಯಲ್ಲೂ ನುಡಿಯಲ್ಲೂ ಈ ಪದವಿಗೆ ತಕ್ಕಂತೆ..." ಅವಳ ಬಾಯಿ ಮುಚ್ಚಿಯೇ ಇತ್ತು. ಬೆಳಿಗ್ಗೆ ನಾಲ್ಕಕ್ಕೆ ಎದ್ದವಳು. ಅವಳ ಪ್ರತಿಜ್ಞೆ ನನ್ನಿಂದಾಗಿ ಕಳೆದುಹೋಗುತ್ತಿತ್ತು.

ಕೂತೆ.

"ಎಂತ ಕೂತ್ರಿ?"

"ನಾನ್ ಫೇಲ್, ಭೋಜ. ಒಂದ್ ಪೇಪರ್. ನಾಕ್ ಮಾರ್ಕ್. ಅನುಪಸ್ಥಿತಿ ಅಂದದ್ದ್ ಸುಳ್ಳ್."

ಪಿಸುಮಾತು ಅಂದುಕೊಂಡಿದ್ದೆ. ಜೆರಾಕ್ಸ್ ಮೆಷಿನ್ ಮೇಲೆ ಕೂಗಿ ಪಳಗಿದ ಗಂಟಲು, ನಾಲ್ಕು ಸಾಲಿಗೆ ಕೇಳಿಸಿತು. ಯಾರೋ ಅಜ್ಜಿ "ಅಯ್ಯೋ ಪಾಪ" ಅಂದರು. ಚೇತನಾಳಿಗೆ ಅಷ್ಟು ದೂರ ಕೇಳಿರಲಿಕ್ಕಿಲ್ಲ. ಆದರೆ ಅವಳ ಅಣ್ಣನ ಮುಖ ಕಂಡಿತು, ನಾನು ಕೂತದ್ದು ಕಂಡಿತು. ಮುಂದಕ್ಕೆ ತಿರುಗಿದಳು. ಬೆನ್ನು ನೆಟ್ಟಗಾಯಿತು. ಉಳಿದ ಎರಡು ಸಾಲು ಪ್ರತಿಜ್ಞೆ ಹೇಳಿದಳು. ನನಗೆ ಇಲ್ಲಿಗೇ ಕೇಳಿದ ಹಾಗಾಯಿತು.

ಅವಳ ಹೆಸರು ಕರೆದಾಗ ಫೋಟೋ ತೆಗೆಯಲು ಮರೆತೆ. ಇದೊಂದು ಕೆಲಸಕ್ಕೆ ಬಂದವನು.

ಊಟಕ್ಕೆ ಭೋಜರಾಜ ನನ್ನ ಪಕ್ಕದಲ್ಲೇ ಎಲೆ ಹಾಕಿಸಿಕೊಂಡ. ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ಪಾಯಸದ ಲೋಟ ಇಟ್ಟು ಹೇಳಿದ, "ಪಾಸಾದ್ ತಂಗಿ. ನಾನ್ ದೊಡ್ಡಕ್ಕೆ ಹಾಕ್ಸಿದ್ದ್ ನಿಮ್ ಮುಖ." ಎಲೆ ಮಡಚುತ್ತ, "ನೀವ್ ಪಾಸಾಯಿದ್ರೂ ಅದ್ ತಪ್ಪೇ ಅಲ್ದಾ?"

ಬೈದಿದ್ದರೆ ಒಳ್ಳೆಯದಿತ್ತು.

ಮಾರ್ಚ್ 12, ಗುರುವಾರ. ಸಂಜೆ 5.30. ಅಂಗಡಿ

ಬೆಳಿಗ್ಗೆ ಏಣಿ ತಂದೆ. ಭೋಜರಾಜ ಉಪ್ಪುಂದದಿಂದ ಬಂದು ಹಿಡಿದುಕೊಂಡ. ಪೇಪರ್ ಕತ್ತರಿಸುವ ಚಾಕುವಿನಿಂದ ನನ್ನನ್ನು ನಾನೇ ಕತ್ತರಿಸಿದೆ. "ಕಿಮಿ ಬಾಕಿ ಇತ್ ಭಾವ, ಅದನ್ನೂ ತೆಗಿನಿ," ಅಂತ ಕೆಳಗಿನಿಂದ ಅವನ ಕಾಮೆಂಟರಿ. ಕೈ ಎಟುಕದೆ ಆ ಒಂದು ಕಿವಿ ಮಾತ್ರ ಉಳಿಯಿತು. "ದಂಪತಿಗಳಿಗೆ" ಅನ್ನುವುದರ ಮೇಲೆ ಬಿಳಿ ಕಾಗದ ಅಂಟಿಸಿ ದಪ್ಪಕ್ಷರದಲ್ಲಿ "ಚೇತನಾಳಿಗೆ" ಅಂತ ಬರೆದೆ. ಬಸ್‌ಸ್ಟಾಪಿನಲ್ಲಿದ್ದವರು ಏನಾಯ್ತೆಂದು ಕೇಳಿದರು. "ನಾನ್ ಫೇಲ್, ಅವ್ಳ್ ಪಾಸ್," ಅಂದೆ. ಹನ್ನೊಂದು ಜನರಿಗೆ ಹೇಳಿದೆ. ಮೂರನೆಯವರಿಂದ ಮುಂದೆ ಸಲೀಸು.

ನಿನ್ನೆ ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೇ ಕೂತಿದ್ದಳು. ಬ್ರಹ್ಮಾವರ ದಾಟಿದ ಮೇಲೆ ಗೌನಿನ ಚೀಲ ನನ್ನ ತೊಡೆಯ ಮೇಲಿಟ್ಟಳು. ಇವತ್ತು ಬೆಳಿಗ್ಗೆ, ಏಣಿ ಬರುವ ಮೊದಲೇ, ಎಂದಿನ ಬಸ್ಸಿಗೆ ಕೆಲಸಕ್ಕೆ ಹೋದಳು. ಫ್ಲೆಕ್ಸ್ ಕತ್ತರಿಸಿದ್ದು ಅವಳಿಗೆ ಗೊತ್ತಿಲ್ಲ.

5.45. ಬಸ್ಸು ಬಂತು. ಸಾಲಿಗ್ರಾಮದಲ್ಲಿ ಇಳಿದಿದ್ದರೆ ಇನ್ನು ಅರ್ಧ ಗಂಟೆ. ಇಬ್ಬರು ಇಳಿದರು. ಅವಳಲ್ಲ. ಮೂರನೆಯವರು...

ಅವಳೇ! ಭೋಜರಾಜ ಫೋನ್ ಮಾಡಿ ಹೇಳಿರಬೇಕು. ಇರಲಿ. ಫ್ಲೆಕ್ಸಿನ ಕೆಳಗೇ ನಿಂತಿದ್ದಾಳೆ. ಓದುತ್ತಿದ್ದಾಳೆ, ಹನ್ನೆರಡು ಹೆಸರು ಸಮೇತ. ನನ್ನ ಕಿವಿ ಉಳಿದ ಕಡೆ ಬೆರಳು ಮಾಡಿ ಯಾರಿಗೋ ಏನೋ ಹೇಳಿದಳು. ನಗುತ್ತಿದ್ದಾರೆ.

ಈಗ ರಸ್ತೆ ದಾಟಿದಳು. ಕೈಯಲ್ಲಿ ಲೈಬ್ರರಿ ಸೀಲಿನ ದಪ್ಪ ಪುಸ್ತಕ. ಭಾಷಾವಿಜ್ಞಾನವೇ ಇರಬೇಕು. ಈ ಡೈರಿ ಮುಚ್ಚಿ ಓದುತ್ತಿರುವವನ ಹಾಗೆ ಕೂರುವುದಾ... ಥೂ, ಮತ್ತೆ ಅದೇ ಸುಳ್ಳು. ನಿಜವಾಗಿಯೇ ಓದುವುದು ಒಳ್ಳೆ—