ಮುಂಗೈಯ ಎರಡು ಕೆಂಪು ದಾರ

ತಾರ್ನಾಕ, ಬುಧವಾರ

ಅಕ್ಕಾ,

ಫೋನಿನಲ್ಲಿ ಹೇಳಿದರೆ ನಗುತ್ತೀ, ಅದಕ್ಕೇ ಕಾರ್ಡು. ಇಲ್ಲಿ ನಾನು ಕಲಿಯುತ್ತಿರುವ ಗಂಟುಗಳ ಗಣಿತದಲ್ಲಿ ಲೆಜೆಂಡ್ರಿಯನ್ ಗಂಟು ಎಂಬುದೊಂದಿದೆ. ದಾರ ಹೋದಲ್ಲೆಲ್ಲ ಒಂದೊಂದು ಓರೆ ಹಲಗೆ ಇದೆ ಎಂದುಕೋ. ಅದು ಆ ಹಲಗೆಗೆ ಒತ್ತಿಕೊಂಡೇ ಸಾಗಬೇಕು. ಎಳೆದಾಡುವಾಗಲೂ ಈ ಕಟ್ಟಳೆ ಮುರಿಯುವಂತಿಲ್ಲ.

ನಿನ್ನೆ ಸುಲ್ತಾನ್ ಬಜಾರಿನ ಕೆಂಪು ದಾರದಲ್ಲಿ ಅಂಥ ಎರಡು ಗಂಟು ಹಾಕಿ, ತರಗತಿಯಲ್ಲಿ ಎಲ್ಲರೆದುರು ಒಂದನ್ನು ಎಳೆದೆಳೆದು ಇನ್ನೊಂದರಂತೆಯೇ ಮಾಡಿ ತೋರಿಸಿದೆ. "ಎರಡೂ ಒಂದೇ" ಎಂದೆ. ಮೇಡಂ ನಕ್ಕರು. "ನಿನ್ನ ದಾರಕ್ಕೆ ಕಟ್ಟಳೆ ಎಲ್ಲಿ ಗೊತ್ತಮ್ಮ?" ಎಂದು, ದಾರ ತನ್ನನ್ನೇ ದಾಟುವ ಜಾಗಗಳಿಗೆಲ್ಲ ಅಕ್ಷರ ಕೊಟ್ಟು ಬೀಜಗಣಿತ ಹೂಡಿದರು. ಗಂಟು ಗುರುತಿಸುವ ಹಳೆಯ ಲೆಕ್ಕಗಳೆಲ್ಲ ಎರಡಕ್ಕೂ ಸಮ ಬಂದವು, ಈ ಬೀಜಗಣಿತ ಮಾತ್ರ ಬೇರೆ ಬೇರೆ ಬಂತು. ಅಂದರೆ ಕಟ್ಟಳೆ ಪಾಲಿಸಿದರೆ ಇದು ಎಂದೂ ಅದಾಗುವುದಿಲ್ಲವಂತೆ! ನನ್ನ ಕೈಯನ್ನು ನಂಬಲೋ, ಆ ಅಕ್ಷರಗಳನ್ನೋ? ಶುಕ್ರವಾರ ಇದನ್ನೇ ನಾನು ನಿಂತು ವಿವರಿಸಬೇಕು.

ಹೋದ ವಾರದ ಜ್ವರ ಬಿಟ್ಟಿದೆ, ಅವ್ವನಿಗೆ ಹೇಳು. ದಾರ ಕಳೆಯಬಾರದೆಂದು ಎರಡನ್ನೂ ಮುಂಗೈಗೆ ಕಟ್ಟಿಕೊಂಡು ಬಂದರೆ, ಮನೆಯೊಡತಿ ಗುರುದೇವಿಯಮ್ಮ ಕೈ ಹಿಡಿದು ನೋಡಿದರು. ಅವರು ನಮ್ಮ ಭಾಲ್ಕಿ ಕಡೆಯವರೇ.

"ಜ್ವರಕ್ಕ ಯಾವ ದರ್ಗಾದಾಗ ಕಟ್ಟಿಸ್ಕೊಂಡಿ ಬೇ? ಎರಡೂ ಒಂದೇ ಅವ, ಒಂದು ಬಿಚ್ಚು."

ಬಿಚ್ಚಲೆಂದು ಒಂದರ ತುದಿ ಹಿಡಿದೆ, ಮೇಡಂ ಬರೆದ ಅಕ್ಷರಗಳು ನೆನಪಾಗಿ ಬಿಟ್ಟೆ. ಎರಡೂ ಇನ್ನೂ ಕೈಯಲ್ಲೇ ಇವೆ.

ಕಾರ್ಡು ತುಂಬಿತು.
ನಿನ್ನ ಸಪ್ನಾ