ಯಾವುದಕ್ಕೂ ಬಾರದ ಸ್ವಿಚ್ಚು

ಅಮ್ಮಾ,

ಮನೆ ಮಾರೋಕೆ ಮುಂಚೆ ಒಂದು ಸಲ ತಪಾಸಣೆ ಮಾಡಿಸು ಅಂದಿದ್ದೆಯಲ್ಲ, ಇವತ್ತು ಮಾಡಿಸಿದೆ. ಇಂಜಿನಿಯರು ಗೋಡೆ ತಟ್ಟಿ, ನಲ್ಲಿ ತಿರುಗಿಸಿ, ಒಂದು ಮೂಲೆನೂ ಬಿಡದೆ ನೋಡಿದ್ರು. ಅಡುಗೆಮನೆ ಬಾಗಿಲ ಹಿಂದಿನ ಕರೀ ಸ್ವಿಚ್ಚಿನ ಹತ್ರ ನಿಂತು, "ಇದು ಯಾವುದಕ್ಕಮ್ಮಾ?" ಅಂದ್ರು. ಸ್ಕೂಲಿಗೆ ಹೋಗ್ತಿದ್ದಾಗಿಂದ ನೋಡ್ತಿದೀನಿ, ನನಗೂ ಗೊತ್ತಿಲ್ಲ. ಒತ್ತಿದೆ, ಏನೂ ಆಗಲಿಲ್ಲ.

ಕುತೂಹಲ ತಡೀಲಿಲ್ಲ, ವೈರಿನ ಜಾಡು ಹಿಡಿದು ಹೋದ್ವಿ. ಅದು ಹಿತ್ತಲು ದಾಟಿ ಅಪ್ಪನ ರೇಡಿಯೋ ರಿಪೇರಿ ಶೆಡ್ಡಿಗೆ ಹೋಗಿತ್ತು. ಅಲ್ಲಿ ಪುಟ್ಟದೊಂದು ಕೆಂಪು ಬಲ್ಬು ಉರೀತಿತ್ತು, ಬೆಳಗ್ಗೆಯಿಂದ ಅಲ್ಲೇ ಕೂತಿದ್ದ ಅಪ್ಪ ಇರಲಿಲ್ಲ.

ಒಳಗೆ ಬಂದು ನೋಡಿದ್ರೆ, ಕೈಕಾಲು ತೊಳ್ಕೊಂಡು ಊಟಕ್ಕೆ ಕೂತಿದ್ದಾರೆ! ನಾನಿನ್ನೂ ಒಲೆಯನ್ನೇ ಹಚ್ಚಿರಲಿಲ್ಲ. ನನ್ನ ಮುಖ ನೋಡಿ, "ಓ, ನೀನಾ" ಅಂದ್ರು.

ನೀವಿಬ್ರೂ ಮಾತು ಬಿಟ್ಟಿದ್ದ ಅಷ್ಟು ವರ್ಷ, ಯಾರೂ ಕರೆಯದೆ ಊಟದ ಹೊತ್ತಿಗೆ ಸರಿಯಾಗಿ ಬರ್ತಿದ್ದ ಅಪ್ಪನ ಹೊಟ್ಟೆಯಲ್ಲೇ ಗಡಿಯಾರ ಇದೆ ಅಂದ್ಕೊಂಡಿದ್ವಲ್ಲ, ಅಕ್ಕನೂ ನಾನೂ!

"ಉಪಯೋಗವಿಲ್ಲದ ಸ್ವಿಚ್ಚು, ತೆಗೆಸಿ" ಅಂತ ಇಂಜಿನಿಯರು ವರದಿಯಲ್ಲಿ ಬರೆದಿದ್ದಾರೆ. ತೆಗೆಸಲಾ, ಬಿಡಲಾ? ಅಕ್ಕನ ಮನೆಯಿಂದ ಒಂದು ದಿನದ ಮಟ್ಟಿಗೆ ಬಂದು ನೀನೇ ಹೇಳು. ಬರೋ ವಿಷಯ ನಾನು ಅಪ್ಪನಿಗೆ ಹೇಳಲ್ಲ. ನೀನೂ ಏನೂ ಹೇಳಬೇಕಾಗಿಲ್ಲ, ಬಂದು ಸ್ವಿಚ್ಚು ಒತ್ತು, ಸಾಕು.

ನಿನ್ನ ಕಿರಿಮಗಳು